ಮೊದಲ ಬಸ್ಸಿನ ಹಾಡು

ಬೇವಿನ ಮರದ ಕವಲಿಗೆ ಹಾರ್ನ್ ಸ್ಪೀಕರ್ ಇಟ್ಟು ತಂತಿ ಬಿಗಿಯುತ್ತಿದ್ದಾಗ ಕೆಳಗೆ ಯಾರೋ ಏಣಿ ಹಿಡಿದುಕೊಂಡಂತಾಯಿತು. ನಾಗಭೂಷಣ ಬಗ್ಗಿ ನೋಡಿದ. ಸತ್ತ ಜುಂಜಣ್ಣನ ಭಾವ ಪಾಪಣ್ಣ. ಹೆಗಲ ಮೇಲೆ ಒದ್ದೆ ಟವೆಲ್, ಬೆಳಗಿನಿಂದ ಅಳುವುದಕ್ಕೂ ಪುರುಸೊತ್ತು ಸಿಗದ ಮುಖ.

“ಏನು ಹಾಕ್ತೀಯಪ್ಪ ಭೂಷಣ?”

“ಭಜನೆ ಅವೆ ಭಾವ.”

“ಹಾಕು ಹಂಗಾದ್ರೆ. ಹೆಂಗಸ್ರು ಅತ್ತೂ ಅತ್ತೂ ಸುಸ್ತಾಗವ್ರೆ. ಸಾವಿನ ಮನೆ ಸುಮ್ಕಿರಬಾರದು.”

ನಾಗಭೂಷಣ ಇಳಿದು ಬಂದು ಲಗೇಜ್ ಆಟೋದಲ್ಲಿದ್ದ ಆಂಪ್ಲಿಫೈಯರಿಗೆ ಪೆನ್‌ಡ್ರೈವ್ ಸಿಕ್ಕಿಸಿದ. ಹೊಸದುರ್ಗದಲ್ಲಿ ಅವನದು ಇಪ್ಪತ್ತು ವರ್ಷದ ಮೈಕ್‌ಸೆಟ್ ಅಂಗಡಿ. ಪೆನ್‌ಡ್ರೈವಿನಲ್ಲಿ ಮೂರೇ ಫೋಲ್ಡರು: ಮದುವೆ, ಗಣಪತಿ, ಸಾವು. ತಾಲ್ಲೂಕಿನ ಎಷ್ಟೋ ಸಾವುಗಳಿಗೆ ಈ ಮೂರನೆಯದನ್ನು ಒತ್ತಿ, ಆಟೋದ ನೆರಳಲ್ಲಿ ಕೂತು ಬೀಡಿ ಸೇದಿದವನು ಅವನು. ಇವತ್ತು ಒತ್ತಿದ ಬೆರಳು ಅಲ್ಲೇ ನಿಂತಿತು. ಅಂಗಿಯ ಜೇಬಿನಲ್ಲಿ ಇನ್ನೊಂದು ಪೆನ್‌ಡ್ರೈವ್ ಇತ್ತು. ಅದರಲ್ಲಿ ಒಂದೇ ಹಾಡು.

ಹಿರಿಯೂರಿನ ಆ ಸಣ್ಣ ಮನೆಯ ಜಗುಲಿಯಲ್ಲಿ ಜುಂಜಣ್ಣನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಚೆಂಡುಹೂವಿನ ಹಾರ. ನಲವತ್ತೈದು ವರ್ಷದ ಮುಖ, ಕಾರ್ಯಕ್ರಮ ಮುಗಿಸಿ ಬಂದವನ ಹಾಗೆ ದಣಿದಿತ್ತು. ಹಿಂದಿನ ದಿನ ಸಂಜೆ ಹೊಳಲ್ಕೆರೆಯ ಶಾಲೆಯೊಂದರಲ್ಲಿ ಮಕ್ಕಳಿಗೆ ಗಿಟಾರ್ ಹೇಳಿಕೊಟ್ಟು ಬಸ್ ಹತ್ತಿದ್ದ. ಹಿರಿಯೂರು ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದ ಮೇಲೆ ಕಂಡಕ್ಟರ್ ಹೋಗಿ ಭುಜ ತಟ್ಟಿದನಂತೆ. ಎರಡು ಸಲ ತಟ್ಟಿದನಂತೆ.

ಅಂಗಳದಲ್ಲಿ ಆಗಲೇ ನಲವತ್ತು ಐವತ್ತು ಜನ. ಬದುಕಿದ್ದಾಗ ಜುಂಜಣ್ಣ ತನ್ನ ಸ್ವಂತ ಹಾಡು ಹಾಡಿದ ಕಡೆ ಇಷ್ಟು ಜನ ಕೂತು ಕೇಳಿದ್ದು ನಾಗಭೂಷಣನಿಗೆ ನೆನಪಿಲ್ಲ. ಬಂದವರಲ್ಲಿ ಮುಕ್ಕಾಲು ಪಾಲು ಜುಂಜಣ್ಣನ ಅಕ್ಕ, ಪಾಪಣ್ಣನ ಹೆಂಡತಿ ಸಿದ್ದಕ್ಕನ ಕಡೆಯವರು, ಮತ್ತೋಡಿನಿಂದ ಬಂದ ಕುರಿ ಸಾಕುವ ನೆಂಟರು. ತಮ್ಮ ಹುಡುಗ ಏನು ಕೆಲಸ ಮಾಡುತ್ತಿದ್ದ ಎಂದು ಅವರಲ್ಲಿ ಯಾರಿಗೂ ಸರಿಯಾಗಿ ಹೇಳಲು ಬರುತ್ತಿರಲಿಲ್ಲ.

ಎರಡು ಭಜನೆಗಳ ನಡುವಿನ ಬಿಡುವಿನಲ್ಲಿ ಬೀದಿಯ ತಿರುವಿನಿಂದ ಗಿಟಾರಿನ ಸದ್ದು ಕೇಳಿತು. ನಾಲ್ಕೇ ಸ್ವರ, ಮೇಲೆ ಹತ್ತಿ ಇಳಿಯುವಂಥದ್ದು. ಹಿರಿಯೂರಿನಲ್ಲಿ ಅದನ್ನು ಅರಿಯದ ಕಿವಿಯಿಲ್ಲ. ಹಿಂದೆಯೇ ಗಂಡು ದನಿ:

*ಕದ ತೆಗಿಯಿರಕ್ಕಾ, ಗಾಡಿ ಬಂದೈತೆ*
*ಹಸಿಕಸ ಒಣಕಸ ಬ್ಯಾರೆ ಇಡಬೇಕೈತೆ...*

ಎರಡನೆಯ ಸಾಲು ಮುಗಿಯುವ ಮೊದಲೇ ಹಾಡು ಕತ್ತರಿಸಿದಂತೆ ನಿಂತಿತು. ಸ್ವಲ್ಪ ಹೊತ್ತಿಗೆ ಕಸದ ಗಾಡಿಯ ಡ್ರೈವರ್ ಜಂಪಣ್ಣ ಸಮವಸ್ತ್ರದಲ್ಲೇ ನಡೆದು ಬಂದ. ಬೀದಿ ನಲ್ಲಿಯಲ್ಲಿ ಕೈಕಾಲು ತೊಳೆದುಕೊಂಡು, ಜುಂಜಣ್ಣನ ಕಾಲು ಮುಟ್ಟಿ ನಮಸ್ಕರಿಸಿ, ನಾಗಭೂಷಣನ ಪಕ್ಕ ಕೂತ.

“ಇಲ್ಲಿ ತಿರುಗಿದ ಮ್ಯಾಲೇ ಗೊತ್ತಾಗಿದ್ದು ಸಾರ್. ಆಫ್ ಮಾಡಿಬಿಟ್ಟೆ. ಅಣ್ಣ ಮಲಗಿರುವಾಗ ಅಣ್ಣನ ಹಾಡೇ ಹಾಕ್ಕಂಡು ಕಸ ಎತ್ತಾಕೆ ಮನಸ್ಸಾಗಲಿಲ್ಲ. ಈ ಕಡೆ ಬೀದಿಗಳ್ನೆಲ್ಲ ನಾಳೆ ನೋಡ್ಕಂತೀನಿ.”

“ಅವನ ಹಾಡು ಅಂತ ನಿಂಗೆ ಯಾರು ಹೇಳಿದ್ರು?”

“ಅವರೇ. ದಿನಾ ತಾರಸಿ ಮ್ಯಾಲೆ ಟೀ ಲೋಟ ಹಿಡ್ಕಂಡು ನಿಂತಿರೋರು. ನನಗೆ ಕೈ ಎತ್ತೋರು. ಮೂರನೇ ಸಾಲು ಬಂತು ಅಂದ್ರೆ ಮಾತ್ರ ಮುಖ ಹಿಂಗೆ ಕಿವುಚೋರು. ಹುಣಸೆಹಣ್ಣು ತಿಂದೋರ ಥರ. ಯಾಕೋ ಕಾಣೆ.”

ಯಾಕೆಂದು ನಾಗಭೂಷಣನಿಗೆ ಗೊತ್ತಿತ್ತು. ಗಾಡಿಯೊಳಗಿನ ಆ ದನಿ ನಾಗಭೂಷಣನದೇ.

*

ಮೂವರೂ ಚಿತ್ರದುರ್ಗದಲ್ಲಿ ಓದುತ್ತಿದ್ದಾಗ ಬ್ಯಾಂಡ್ ಕಟ್ಟಿದ್ದು. ಜುಂಜಣ್ಣ ಹಾಡು ಬರೆದು ಹಾಡುವವನು, ಶಿವರಾಜ್ ಗಿಟಾರು, ನಾಗಭೂಷಣ ಡ್ರಮ್ಸು. ಹೆಸರು ‘ಏಳು ಸುತ್ತು’. ಕೋಟೆಯ ನೆರಳಲ್ಲಿ ಬೆಳೆದ ಹುಡುಗರಿಗೆ ಬೇರೆ ಹೆಸರು ಹೊಳೆಯಲಿಲ್ಲ. ಮದಕರಿಪುರದಲ್ಲಿ ಶಿವರಾಜನ ಮನೆಯವರದೊಂದು ಖಾಲಿ ಕೋಳಿ ಶೆಡ್ಡಿತ್ತು. ಅಲ್ಲಿ ಅಭ್ಯಾಸ. ಎರಡು ವರ್ಷ ಮೂವರ ಬಟ್ಟೆಗೂ ಕೋಳಿಯ ವಾಸನೆ ಹೋಗಲಿಲ್ಲ.

ಮೊದಲ ಕಾರ್ಯಕ್ರಮ ಹೊಳಲ್ಕೆರೆಯ ಒಂದು ಗಣಪತಿ ಪೆಂಡಾಲು. ಜುಂಜಣ್ಣ ಮೈಕಿನ ಮುಂದೆ ನಿಂತು, “ಇದು ನಾನೇ ಬರೆದಿದ್ದು” ಎಂದ ಕೂಡಲೇ ಮುಂದಿನ ಸಾಲಿನಿಂದ ಒಬ್ಬರು ಕೈ ಎತ್ತಿದರು.

“ಏನಪ್ಪ, ಸ್ವಂತದ್ದು ಮನೇಲಿ ಹಾಡ್ಕಂತೀರಂತೆ. ಇಲ್ಲಿ ಪಿಚ್ಚರ್ದು ಹಾಡ್ರಿ.”

ಜುಂಜಣ್ಣ ನಕ್ಕು ಎರಡು ಸಿನಿಮಾ ಹಾಡು ಹಾಡಿದ. ಮೂರನೆಯದಕ್ಕೆ ಹೇಳದೆ ಕೇಳದೆ ತನ್ನದನ್ನೇ ಶುರುಮಾಡಿದ. ಜನ ಪ್ರಸಾದದ ಸಾಲಿಗೆ ಎದ್ದು ಹೋದರು. ಅವನು ಕಣ್ಣು ಮುಚ್ಚಿ ಪೂರ್ತಿ ಹಾಡಿದ. ಮುಗಿಸಿ ಕಣ್ಣು ಬಿಟ್ಟಾಗ ಎದುರಿಗಿದ್ದುದು ಗಣಪತಿ ಮತ್ತು ಒಂದು ನಾಯಿ. “ನಾಯಿ ಕೊನೇ ತನಕ ಕೇಳ್ತು ಕಣ್ರೋ” ಎಂದು ಅವನು ಅದನ್ನೇ ವರ್ಷಗಟ್ಟಲೆ ಹೇಳಿಕೊಂಡು ತಿರುಗಿದ.

ಆಮೇಲೆ ಜುಂಜಣ್ಣ, ಶಿವರಾಜ್ ಬೆಂಗಳೂರಿಗೆ ಹೋಗಿ ಇನ್ನಿಬ್ಬರ ಜೊತೆ ಎರಡನೆಯ ಬ್ಯಾಂಡ್ ಮಾಡಿದರು. ನಾಗಭೂಷಣನಿಗೆ ಮದುವೆಯಾಗಿತ್ತು, ಹೋಗಲಿಲ್ಲ. ಅಲ್ಲಿಯ ಪಬ್ಬುಗಳಲ್ಲಿ ಇಂಗ್ಲಿಷ್ ಕೇಳುತ್ತಿದ್ದರಂತೆ. ಮೂರು ವರ್ಷ ಕಳೆಯುವಷ್ಟರಲ್ಲಿ ಶಿವರಾಜನಿಗೆ ಸರ್ಕಾರಿ ನೌಕರಿಯ ಕಾಗದ ಬಂತು, ಬ್ಯಾಂಡು ಕರಗಿತು. ಜುಂಜಣ್ಣ ಗಿಟಾರ್ ಹೊತ್ತು ಒಬ್ಬನೇ ವಾಪಸು ಬಂದ. ಬಂದವನು ಅಕ್ಕನ ಮನೆಯ ತಾರಸಿಯ ಕೋಣೆ ಸೇರಿದ.

ಅಲ್ಲಿಂದ ಒಂಟಿ ಹಾಡುಗಾರ. ಯಾರದೋ ಗೃಹಪ್ರವೇಶ, ಕಾಲೇಜಿನ ವಾರ್ಷಿಕೋತ್ಸವ, ಆರ್ಕೆಸ್ಟ್ರಾದಲ್ಲಿ ಮೂಲೆಯ ಗಿಟಾರು. ಮೊದಲ ಬಸ್ಸಿಗೆ ಊರು ಸೇರಿ ಕದ ತಟ್ಟುವುದು. ಕದ ತೆಗೆದು ಸಿದ್ದಕ್ಕ ಬೈಯುವುದು. ನಾಲ್ಕು ಹಾಡಿನ ಒಂದು ಸಿ.ಡಿ. ಮಾಡಿದ, ನಾಗಭೂಷಣನ ಅಂಗಡಿಯ ಹಿಂದಿನ ಕೋಣೆಯಲ್ಲಿ ರೆಕಾರ್ಡ್ ಮಾಡಿಕೊಂಡು. ಐನೂರು ಪ್ರತಿಯಲ್ಲಿ ನಾನೂರಕ್ಕೂ ಹೆಚ್ಚು ಡಬ್ಬದಲ್ಲೇ ಉಳಿದವು. ಗಿಳಿಗಳು ಹೆದರಲಿ ಎಂದು ಪಾಪಣ್ಣ ಅವನ್ನು ದಾಳಿಂಬೆ ತೋಟದ ತುಂಬ ದಾರ ಕಟ್ಟಿ ತೂಗುಬಿಟ್ಟ. ಜುಂಜಣ್ಣನಿಗೆ ಬೇಜಾರಾಯಿತೇ ಎಂದು ಕೇಳಿದರೆ, “ಹೊಳೀತಾವೆ ಕಣೋ, ಹೋಗಿ ನೋಡು” ಅಂದಿದ್ದ.

ಮಾರಿಕಣಿವೆ ಅಣೆಕಟ್ಟು ಕೋಡಿ ಬಿದ್ದ ವರ್ಷ ಊರಿಗೆ ಊರೇ ನೀರು ನೋಡಲು ಹೋದಾಗ ಅವನೂ ಗಿಟಾರ್ ಹಿಡಿದು ದಾರಿ ಬದಿ ನಿಂತು ಹಾಡಿದ. ಜನ ನೀರಿನ ಜೊತೆ ಫೋಟೊ ತೆಗೆಸಿಕೊಂಡರು. ಒಬ್ಬರು ಸ್ವಲ್ಪ ಪಕ್ಕಕ್ಕೆ ಸರಿಯಪ್ಪ ಎಂದರಂತೆ, ಫೋಟೊದಲ್ಲಿ ಬರುತ್ತೀಯ ಎಂದು.

*

ಹತ್ತು ಗಂಟೆಗೆ ಶಿವರಾಜ್ ಬಂದ. ತಲೆ ಬೋಳಾಗಿದೆ, ಹೊಟ್ಟೆ ಬಂದಿದೆ. ಜುಂಜಣ್ಣನ ಎದುರು ನಿಂತು ಐದು ನಿಮಿಷ ಅತ್ತು, ಮೂಗು ಒರೆಸಿಕೊಂಡು ಆಟೋದ ಹತ್ತಿರ ಬಂದ.

“ಲೇ ಭೂಷಣ, ಇದೆಂಥ ಭಜನೆನೋ? ಅವನು ಇದನ್ನ ಕೇಳಿದ್ರೆ ಎದ್ದು ಹೋಗೋನು.”

ನಾಗಭೂಷಣ ಜೇಬಿನಿಂದ ಎರಡನೆಯ ಪೆನ್‌ಡ್ರೈವ್ ತೆಗೆದು ತೋರಿಸಿದ. “ಅವನ ‘ಕದ ತೆಗಿಯಕ್ಕಾ’ ಐತೆ. ಅವನೇ ಹಾಡಿದ್ದು. ಮಣ್ಣಿಗೆ ಹೋಗೋವಾಗ ದಾರೀಲಿ ಹಾಕಾಣ ಅಂತ.”

ಶಿವರಾಜನ ಮುಖ ಸಣ್ಣದಾಯಿತು. “ಯೋಚ್ನೆ ಮಾಡು. ಊರಿಗೆಲ್ಲ ಅದು ಕಸದ ಹಾಡು. ನಗ್ತಾರೆ ಕಣೋ.”

“ಒಂದ್ಸಲ ಆದ್ರೂ ಅವನ ಮಾತಲ್ಲಿ ಕೇಳಲಿ. ನಾನು ಕಿತ್ಕಂಡಿದ್ದು ಅದು. ಮಣ್ಣಾಕೋಕೆ ಮುಂಚೆ ವಾಪಸ್ ಕೊಡಬ್ಯಾಡ್ವಾ?”

ಹಿಂದೆ ಯಾರೋ ನಿಂತ ಹಾಗಾಯಿತು. ಸಿದ್ದಕ್ಕ. ಅಳುವೆಲ್ಲ ಮುಗಿದು ಕಣ್ಣು ಒಣಗಿತ್ತು, ದನಿ ಮಾತ್ರ ಗಟ್ಟಿಯಿತ್ತು.

“ಏನೋ ಅದು? ಕಸದ ಗಾಡಿ ಹಾಡಾ? ನನ್ನ ತಮ್ಮನ್ನ ಕಸ ಸಾಗಿಸಿದಂಗೆ ಸಾಗಿಸ್ತೀರೇನೋ?”

“ಅಕ್ಕ, ಇದು ಅದಲ್ಲ...”

“ನಂಗೆ ಕಿವಿ ಇಲ್ವಾ? ಹತ್ತು ವರ್ಷದಿಂದ ದಿನಾ ಕೇಳ್ತಾ ಇದೀನಿ. ಗಿರಿಯಮ್ಮನ ಮಗಳ ಮದುವೇಲಿ ಊಟಕ್ಕೆ ಕುಂತ್ರೆ, ‘ಕಸದ ಹಾಡಿನೋನು ಬಂದ, ಎಲೆ ಎತ್ತೋಕೆ ಹೇಳ್ರಿ’ ಅಂದು ನಕ್ರು. ಅವನೂ ನಕ್ಕ. ನಾನು ಅನ್ನ ಬಿಟ್ಟು ಎದ್ದೆ. ಇವತ್ತು ಆ ಹಾಡು ಬಂತೋ, ನಿನ್ನ ಮೈಕು ಕಿತ್ತು ಹೊಳೇಗೆ ಎಸೀತೀನಿ.”

ಅವಳು ಒಳಗೆ ಹೋದಳು. ಶಿವರಾಜ್ ನಾಗಭೂಷಣನ ಭುಜ ಒತ್ತಿ ಜನರ ನಡುವೆ ಹೋಗಿ ಕೂತ. ನಾಗಭೂಷಣ ಪೆನ್‌ಡ್ರೈವನ್ನು ಜೇಬಿಗೆ ಹಾಕಿಕೊಂಡ. ಭಜನೆ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು.

*

ಹತ್ತು ವರ್ಷದ ಹಿಂದೆ ಹಿರಿಯೂರು ನಗರಸಭೆಯ ಒಬ್ಬ ಅಧಿಕಾರಿ ಅಂಗಡಿಗೆ ಬಂದು ಕಸದ ಗಾಡಿಗಳಿಗೊಂದು ಹಾಡು ಬೇಕು, ನಾಳೆ ಬೆಳಿಗ್ಗೆಯೇ ಬೇಕು ಎಂದಿದ್ದ. ಹೊಸ ಹಾಡು ಎಲ್ಲಿಂದ ತರುವುದು? ಕಂಪ್ಯೂಟರಿನಲ್ಲಿ ಜುಂಜಣ್ಣನ ಸಿ.ಡಿ.ಗೆ ಮಾಡಿದ ಗಿಟಾರಿನ ಟ್ರ್ಯಾಕು ಬಿದ್ದಿತ್ತು. ‘ಕದ ತೆಗಿಯಕ್ಕಾ’ ಎಂಬ ಮೊದಲ ಮಾತೇ ಹೇಳಿ ಮಾಡಿಸಿದಂತಿತ್ತು. ಬಾಕಿ ಮಾತು ಬದಲಿಸಿ ನಾಗಭೂಷಣ ತಾನೇ ಹಾಡಿ ಕೊಟ್ಟುಬಿಟ್ಟ. ಜುಂಜಣ್ಣನಿಗೆ ಫೋನ್ ಮಾಡಿದ್ದರೆ ಆಗುತ್ತಿತ್ತು. ಮಾಡಲಿಲ್ಲ. ಯಾರೂ ಕೇಳದೆ ಬಿದ್ದಿರುವ ಹಾಡು ಊರೆಲ್ಲ ಕೇಳುವಂತಾದರೆ ಅವನು ಖುಷಿಪಡುತ್ತಾನೆ ಎಂದು ತನಗೆ ತಾನೇ ಹೇಳಿಕೊಂಡಿದ್ದ.

ವಾರ ಕಳೆದ ಮೇಲೆ ಜುಂಜಣ್ಣ ಅಂಗಡಿಗೆ ಬಂದ. ಸ್ಟೂಲು ಎಳೆದುಕೊಂಡು ಕೂತ. ನಾಗಭೂಷಣ ಬೈಗುಳಕ್ಕೆ ತಯಾರಾಗಿ ನಿಂತ.

“ಮೂರನೇ ಸಾಲಲ್ಲಿ ಶ್ರುತಿ ಇಳಿದೈತೆ ಕಣೋ” ಎಂದ ಜುಂಜಣ್ಣ. “ಇನ್ನೊಂದ್ಸಲ ಹಾಡಿ ಕೊಡು. ದಿನಾ ಕೇಳಬೇಕಲ್ಲ ಜನ.”

ಅಷ್ಟೇ. ಟೀ ಕುಡಿದು ಹೋದ. ಆಮೇಲೆ ಆ ಹಾಡನ್ನು ಅವನು ಯಾವ ವೇದಿಕೆಯಲ್ಲೂ ಹಾಡಲಿಲ್ಲ. ಹಾಡೋಣವೆಂದು ಗಿಟಾರ್ ಮೀಟಿದರೆ ಜನ ನಗುತ್ತಿದ್ದರು. ನಾಗಭೂಷಣ ಮತ್ತೆ ಹಾಡಿ ಕೊಡಲಿಲ್ಲ, ತಪ್ಪಾಯ್ತು ಎಂದೂ ಹೇಳಲಿಲ್ಲ. ನಾಳೆ ಹೇಳಿದರಾಯಿತು ಎಂದು ಹತ್ತು ವರ್ಷ ಮುಂದೂಡಿದ. ಮೂರನೆಯ ಸಾಲು ದಿನಾ ಬೆಳಿಗ್ಗೆ ಹಾಗೆಯೇ ಇಳಿಯುತ್ತಾ ಹೋಯಿತು.

*

“ಭೂಷಣ, ಮ್ಯಾಲೆ ಬಾ ಒಸಿ” ಎಂದು ಸಿದ್ದಕ್ಕ ಕರೆದಳು. “ಅವನ ಬಿಳಿ ಅಂಗಿ ಎಲ್ಲೈತೋ ಸಿಕ್ತಾ ಇಲ್ಲ. ಹೊಸಾ ಬಟ್ಟೆ ಹೊದಿಸ್ತಾರೆ ಸರಿ, ಒಳಗೆ ಅವನದೇ ಒಂದು ಇರಲಿ.”

ತಾರಸಿಯ ಕೋಣೆಯಲ್ಲಿ ಒಂದು ಚಾಪೆ, ಒಂದು ಟ್ರಂಕು, ಗೋಡೆಗೆ ಒರಗಿದ ಗಿಟಾರು. ಬಸ್ಸಿನಿಂದ ಕಂಡಕ್ಟರ್ ಅದನ್ನು ಜೋಪಾನವಾಗಿ ಇಳಿಸಿ ತಂದುಕೊಟ್ಟಿದ್ದ. ಅಂಗಿ ಹಗ್ಗದ ಮೇಲೆಯೇ ಇತ್ತು. ಸಿದ್ದಕ್ಕ ಅದನ್ನು ತೆಗೆದು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. ಕೆಳಗಿಳಿಯಲು ಅವಳಿಗೆ ಮನಸ್ಸಿರಲಿಲ್ಲ.

“ಅಕ್ಕ, ಒಂದೇ ಒಂದ್ಸಲ ಕೇಳು. ಆಮ್ಯಾಲೆ ನೀನು ಹೇಳಿದಂಗೆ” ಎಂದ ನಾಗಭೂಷಣ. ಅವಳು ಬೇಡ ಎನ್ನುವ ಮೊದಲೇ ಮೊಬೈಲನ್ನು ಅವಳ ಕಿವಿಯ ಹತ್ತಿರ ಹಿಡಿದ.

ಅದೇ ನಾಲ್ಕು ಸ್ವರ. ಸಿದ್ದಕ್ಕನ ಹುಬ್ಬು ಗಂಟಾಯಿತು. ಆಮೇಲೆ ಜುಂಜಣ್ಣನ ದನಿ ಬಂತು, ಹದಿನಾಲ್ಕು ವರ್ಷ ಹಳೆಯದು, ನಿದ್ದೆಗಣ್ಣಿನದು:

*ಕದ ತೆಗಿಯಕ್ಕಾ, ನಾನು ಬಂದೀನಿ*
*ಮೊದಲ ಬಸ್ಸಿನಾಗೆ ನಿದ್ದೆ ತಂದೀನಿ*
*ಕೈಯಾಗೇನಿಲ್ಲ, ಹಾಡೊಂದೈತೆ*
*ಎಲ್ಲಿ ಇಡಲಿ ಹೇಳು, ಜಾಗ ಎಲ್ಲೈತೆ?*

ಸಿದ್ದಕ್ಕ ಮೊಬೈಲನ್ನು ತನ್ನ ಕೈಗೆ ತೆಗೆದುಕೊಂಡಳು. ಕಿವಿಗೆ ಒತ್ತಿಕೊಂಡಳು.

*ಬೈಯೋದು ನಾಳೀಕೆ, ನೀರೊಂದು ಕಾಸೆ*
*ಮಲಗಾಕೆ ಮೂಲೆ ಸಾಕು, ಚಾಪೊಂದು ಹಾಸೆ...*

ಹಾಡು ಮುಗಿದರೂ ಅವಳು ಕೈ ಇಳಿಸಲಿಲ್ಲ. ಕೆಳಗೆ ಯಾರೋ ಪಾಪಣ್ಣನನ್ನು ಕರೆಯುತ್ತಿದ್ದರು, ಗುಂಡಿ ತೋಡಲು ಹೋದವರು ಫೋನ್ ಮಾಡಿದ್ದಾರೆಂದು.

“ಇದು ನಂಗೆ ಬರೆದಿದ್ದಾ?”

“ನಿಂಗೇ ಅಕ್ಕ.”

“ಒಂದಿನಾನೂ ಹೇಳಲಿಲ್ಲ ಮುಂಡೇದು. ಆ ಸೀಡಿ ಡಬ್ಬ ತಂದಿಟ್ಟಾಗ ಏನೋ ಇದು ಅಂದ್ರೆ, ಏನಿಲ್ಲ ಬಿಡಕ್ಕ, ಹಾಡು ಅಂದ.” ಅವಳು ಮೊಬೈಲನ್ನು ಅವನ ಕೈಗೆ ಕೊಟ್ಟಳು. “ನಾನು ಬೈಯ್ತಿದ್ದುದನ್ನೂ ಬರಕಂಡವ್ನಲ್ಲೋ. ನಾನು ದಿನಾ ಬೈದೆ ಭೂಷಣ. ಇಷ್ಟು ವಯಸ್ಸಾಯ್ತು, ಬಸ್‌ಸ್ಟ್ಯಾಂಡಿನ ನಾಯಿ ಥರ ಬರ್ತೀಯ ಅಂತ ಬೈದೆ. ನೀರು ಮಾತ್ರ ಕಾಸಿ ಕೊಡ್ತಿದ್ದೆ.”

“ಅದೂ ಐತಲ್ಲಕ್ಕ ಹಾಡಲ್ಲಿ.”

ನಾಗಭೂಷಣ ಗೋಡೆಗೆ ಒರಗಿದ್ದ ಗಿಟಾರಿನ ಕಡೆ ನೋಡಿದ. “ಅದನ್ನ ಗಾಡಿಗೆ ಕೊಟ್ಟಿದ್ದು ನಾನು. ಅವನನ್ನ ಕೇಳಲಿಲ್ಲ. ತಪ್ಪಾಯ್ತು ಅಕ್ಕ” ಎಂದ. ಹತ್ತು ವರ್ಷದ ಮಾತು, ಕೇಳಬೇಕಾದವನ ಬದಲು ಅವನ ಅಕ್ಕನ ಮುಂದೆ ಬಿತ್ತು.

ಸಿದ್ದಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ಅಂಗಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಮೆಟ್ಟಿಲ ಹತ್ತಿರ ಹೋಗಿ ನಿಂತಳು.

“ಹಾಕು” ಎಂದಳು. “ನಗೋರು ನಗ್ಲಿ. ಮೆತ್ತಗೆ ಹಾಕಬ್ಯಾಡ, ಎಲ್ಲಾರ್ಗೂ ಕೇಳಂಗೆ ಹಾಕು.”

*

ಹನ್ನೆರಡು ದಾಟಿದ ಮೇಲೆ ಹೊರಟರು. ಮುಂದೆ ನಾಗಭೂಷಣನ ಲಗೇಜ್ ಆಟೋ, ಅದರ ಮೇಲೆ ಮರದಿಂದ ಇಳಿಸಿ ಕಟ್ಟಿದ ಹಾರ್ನ್. ಸ್ಟಿಯರಿಂಗ್ ಹಿಡಿದವನು ಜಂಪಣ್ಣ. “ಈ ಬೀದಿಗಳಲ್ಲಿ ನಿಧಾನಕ್ಕೆ ಹೋಗೋದು ನಂಗೇ ಅಭ್ಯಾಸ, ನೀವು ಹಿಂದೆ ಕುಂತ್ಕಳ್ರಿ ಸಾರ್” ಎಂದಿದ್ದ. ಹಿಂದೆ ನಾಲ್ವರ ಹೆಗಲ ಮೇಲೆ ಜುಂಜಣ್ಣ, ಒಂದು ಹೆಗಲು ಶಿವರಾಜನದು. ಅದರ ಹಿಂದೆ ಸಿದ್ದಕ್ಕ. ಮನೆಯ ಹತ್ತಿರವೇ ನಿಲ್ಲು ಎಂದು ಪಾಪಣ್ಣ ಎರಡು ಸಲ ಹೇಳಿದ್ದ, ಅವಳು ಕೇಳಿಸಿಕೊಂಡಿರಲಿಲ್ಲ.

ಮನೆಯ ಬೀದಿ ದಾಟುವ ತನಕ ಭಜನೆ. ದೊಡ್ಡ ರಸ್ತೆ ದಾಟಿ ಹೊಳೆಯ ಕಡೆಗೆ ಹೋಗುವ ಬೀದಿಗೆ ತಿರುಗಿದಾಗ ನಾಗಭೂಷಣ ಪೆನ್‌ಡ್ರೈವ್ ಬದಲಿಸಿದ. ಎರಡು ಸಲ ತಪ್ಪಿತು. ಮೂರನೆಯ ಸಲ ಕೂತುಕೊಂಡಿತು. ವಾಲ್ಯೂಮನ್ನು ಪೂರ್ತಿ ತಿರುಗಿಸಿದ.

ನಾಲ್ಕು ಸ್ವರ ಬೀದಿಯ ತುಂಬ ಹರಡಿದವು.

ಮೊದಲು ಒಂದು ಗೇಟು ಕಿರ್ ಎಂದಿತು. ಆಮೇಲೆ ಎದುರು ಮನೆಯ ಚಿಲಕ. ಆ ಬೀದಿಯವರಿಗೆ ಸಾವಿನ ಸುದ್ದಿ ಗೊತ್ತಿರಲಿಲ್ಲ. ಬೆಳಗಿನಿಂದ ಗಾಡಿ ಬಂದಿಲ್ಲ ಎಂಬುದು ಮಾತ್ರ ಗೊತ್ತಿತ್ತು. ಒಬ್ಬಳು ಅಡುಗೆಯ ಕೈಯಲ್ಲೇ ಹಸಿರು ಬಕೆಟ್ ಹಿಡಿದು ಓಡಿ ಬಂದಳು, “ಏ ನಿಲ್ಸಪ್ಪ, ಈಗ ಬರ್ತೀಯಾ?” ಎನ್ನುತ್ತಾ. ಪಕ್ಕದ ಮನೆಯಿಂದ ನೀಲಿ ಬಕೆಟ್. ಮಹಡಿಯಿಂದ ಒಬ್ಬರು ಲುಂಗಿ ಎತ್ತಿ ಕಟ್ಟಿಕೊಂಡು ಎರಡು ಚೀಲದೊಂದಿಗೆ ಇಳಿದರು. ಬೀದಿಯ ಎರಡೂ ಕಡೆ ಕದಗಳು ಒಂದೊಂದಾಗಿ ತೆರೆದುಕೊಂಡವು.

ಯಾರೋ ಕಿಸಕ್ಕನೆ ನಕ್ಕರು. ಶಿವರಾಜ್ ಹೇಳಿದ್ದೇ ಆಯಿತಲ್ಲ ಎಂದು ನಾಗಭೂಷಣನ ಕೈ ವಾಲ್ಯೂಮಿನ ಗುಂಡಿಗೆ ಹೋಯಿತು. ತಿರುಗಿ ಸಿದ್ದಕ್ಕನನ್ನು ನೋಡಿದ. ಅವಳು ತಲೆ ಅಲ್ಲಾಡಿಸಿದಳು, ಬೇಡ ಎಂದು.

ಅಷ್ಟು ಹೊತ್ತಿಗೆ ಜುಂಜಣ್ಣ ಹಾಡತೊಡಗಿದ್ದ. ಗಾಡಿ ಬಂದಿಲ್ಲ, ನಾನು ಬಂದಿದ್ದೇನೆ ಎಂದು. ಓಡಿ ಬಂದವಳು ಆಟೋದ ಹಿಂದಿದ್ದ ಹೆಗಲುಗಳನ್ನು, ಅವುಗಳ ಮೇಲಿದ್ದ ಹೂವನ್ನು ನೋಡಿ ಅಲ್ಲೇ ನಿಂತಳು. ಬಕೆಟ್ಟನ್ನು ಬಚ್ಚಿಡಲು ಜಾಗವಿರಲಿಲ್ಲ, ಒಳಗೆ ಓಡಿದರೆ ಸತ್ತವರಿಗೆ ಬೆನ್ನು ತೋರಿಸಿದಂತಾಗುತ್ತದೆ. ಅವಳು ನಿಂತೇ ಇದ್ದಳು. ಉಳಿದವರೂ ನಿಂತರು. ಜಂಪಣ್ಣ ಅಭ್ಯಾಸಬಲದಿಂದ ಪ್ರತಿ ಮನೆಯ ಮುಂದೆಯೂ ಗಾಡಿಯನ್ನು ಒಂದು ಕ್ಷಣ ನಿಧಾನಿಸುತ್ತಾ ಹೋದ. ಮೂರನೆಯ ಸಾಲು ಬಂತು. ಶ್ರುತಿ ಎಲ್ಲಿರಬೇಕೋ ಅಲ್ಲಿಯೇ ನಿಂತಿತು.

ಬೀದಿಯ ಕೊನೆಯ ಮನೆಯ ಮೆಟ್ಟಿಲ ಮೇಲೆ ಒಬ್ಬ ಮುದುಕಿ ಎರಡು ಕೈಯಲ್ಲೂ ಬಕೆಟ್ ಹಿಡಿದು ನಿಂತಿದ್ದಳು, ಬಲಗೈಯಲ್ಲಿ ಹಸಿ, ಎಡಗೈಯಲ್ಲಿ ಒಣ. ಹೆಣ ಹತ್ತಿರ ಬಂದಾಗ ಕೈ ಮುಗಿಯಲು ಹೋದಳು, ಆಗಲಿಲ್ಲ. ಕೆಳಗಿಡಲೂ ತೋಚಲಿಲ್ಲ. ಬಕೆಟ್ಟುಗಳನ್ನು ಹಾಗೆಯೇ ಹಿಡಿದು, ತೆರೆದ ಬಾಗಿಲಿನ ಮುಂದೆ ತಲೆ ಬಾಗಿಸಿ, ಹಾಡು ಹೊಳೆಯ ತಿರುವು ದಾಟುವ ತನಕ ನಿಂತಿದ್ದಳು.